ಮಗಳ ಅಂಗಡಿಯ ಗಿರಾಕಿಗಳು

ನನ್ನ ಮಗಳು ವಿಭಾ ಓದುವ ಕಾಲದಲ್ಲಿ ಆನ್‌ಲೈನಿನಲ್ಲಿ ಒಂದು ಅಂಗಡಿ ತೆರೆದಿದ್ದಳು. ಅದರ ಗಿರಾಕಿಗಳಲ್ಲಿ ಬಹುಪಾಲು ನಾನೇ. ಬೇರೆಯವರ ಹೆಸರುಗಳಲ್ಲಿ, ಬೇರೆಯವರ ವಿಳಾಸಗಳಿಗೆ, ನಾನೇ ಕೊಳ್ಳುತ್ತಿದ್ದೆ — ಕೊಳ್ಳಿಸುತ್ತಿದ್ದೆ. ಅವಳಿಗೆ ಹೇಳಲಿಲ್ಲ. ಅಂಗಡಿ ಮುಚ್ಚಿದಾಗ ತಪ್ಪೆಲ್ಲ ಇನ್ನೊಬ್ಬ ಹುಡುಗಿಯ ತಲೆಗೆ ಬಂತು; ಆಗಲೂ ಹೇಳಲಿಲ್ಲ. ಒಳ್ಳೆಯ ಉದ್ದೇಶದಿಂದ ಮಾಡಿದೆ ಎಂದು ಇಲ್ಲೊಂದು ಸಾಲು ಬರೆದಿದ್ದೆ. ಹೊಡೆದುಹಾಕಿದ್ದೇನೆ. ಉದ್ದೇಶ ಏನೇ ಇದ್ದಿರಲಿ — ನಡೆದದ್ದನ್ನು ಹೇಳುತ್ತೇನೆ.

ನಾನು ದಾವಣಗೆರೆ ಕಡೆಯವನು. ಕೇಂದ್ರ ಸರ್ಕಾರದ ಒಂದು ಸಚಿವಾಲಯಕ್ಕೆ ಗುಮಾಸ್ತನಾಗಿ ಸೇರಿ, ಸೆಕ್ಷನ್ ಆಫೀಸರ್ ಆಗಿ ನಿವೃತ್ತನಾದೆ. ಕೆಲಸದಲ್ಲಿದ್ದಾಗ ನಾವು ದೆಹಲಿಯ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದೆವು. ವಿಭಾ ನಮ್ಮ ಒಬ್ಬಳೇ ಮಗಳು, ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಗ್ರೇಟರ್ ನೋಯ್ಡಾದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಎಂಬಿಎ ಸೇರಿದಳು. ಉದ್ಯಮಶೀಲತೆ, ಹೊಸ ಆವಿಷ್ಕಾರ, ಇ-ಕಾಮರ್ಸ್ — ಅದೇ ಅವಳು ಆರಿಸಿಕೊಂಡ ವಿಷಯ. ವ್ಯಾಪಾರವನ್ನು ಪಾಠ ಹೇಳಿ ಕಲಿಸಬಹುದೇ ಎಂದು ನನಗೆ ಅನುಮಾನವಿತ್ತು. ನಮ್ಮ ವಂಶದಲ್ಲಿ ಯಾರೂ ತಕ್ಕಡಿ ಹಿಡಿದವರಲ್ಲ.

ಅವಳ ಕ್ಲಾಸಿನಲ್ಲಿ ಕನ್ನಡದ ಹುಡುಗಿ ಇನ್ನೊಬ್ಬಳಿದ್ದಳು, ಲವೀನಾ. ಕಾರ್ಕಳದವಳು, ಹಾಸ್ಟೆಲಿನಲ್ಲಿದ್ದಳು. ಶನಿವಾರ ಬಂತೆಂದರೆ ನಮ್ಮ ಮನೆಗೇ ಬರುತ್ತಿದ್ದಳು. ನನ್ನ ಹೆಂಡತಿ ಸರೋಜಾ ಅವಳಿಗಾಗಿ ಕುಚಲಕ್ಕಿ ಹುಡುಕಿಸಿ ತರಿಸುತ್ತಿದ್ದಳು. ವಿಭಾಳ ಕನ್ನಡ ಅರ್ಧಕ್ಕೇ ಹಿಂದಿಗೆ ಜಾರುತ್ತಿತ್ತು. ಲವೀನಾ ಬಂದ ಮೇಲೆ ಸ್ವಲ್ಪ ಸರಿಯಾಯಿತು.

ಎರಡನೇ ವರ್ಷ ಅವರಿಗೆ ಒಂದು ಕೆಲಸ ಕೊಟ್ಟರು. ಇಬ್ಬಿಬ್ಬರು ಸೇರಿ ನಿಜವಾದ ಅಂಗಡಿಯೊಂದನ್ನು ಆನ್‌ಲೈನಿನಲ್ಲಿ ನಡೆಸಬೇಕು, ಬಂದ ಆರ್ಡರ್ ನೋಡಿ ಅಂಕ. ನನ್ನ ಅತ್ತೆ ಹೊಲಿದುಕೊಟ್ಟ ಹಳೆಯ ಕೌದಿಯೊಂದು ನಮ್ಮ ಮನೆಯಲ್ಲಿತ್ತು. ಅದನ್ನು ನೋಡಿ ಲವೀನಾಗೆ ಹೊಳೆಯಿತಂತೆ — ಅದೇ ಹೊಲಿಗೆಯಲ್ಲಿ, ಒಳಗೆ ಹತ್ತಿಯ ಪದರ ಕೊಟ್ಟು, ಊಟದ ಡಬ್ಬಿಗೆ ಚೀಲ ಮಾಡಿದರೆ ದೆಹಲಿಯ ಚಳಿಯಲ್ಲೂ ಮಧ್ಯಾಹ್ನದವರೆಗೆ ಅನ್ನ ಬೆಚ್ಚಗಿರುತ್ತದೆ. ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಉಳಿದ ಬಟ್ಟೆ ತುಂಡುಗಳನ್ನು ತಂದರು, ಮುನಿರ್ಕಾದಲ್ಲಿ ಒಬ್ಬ ಟೈಲರ್‌ನನ್ನು ಹಿಡಿದರು. ಬಾಯಿಗೆ ಕಟ್ಟುವ ದಾರವಿದ್ದ ಆ ಚೀಲ ಚೆನ್ನಾಗಿತ್ತು. ನನಗಂತೂ ಚೆನ್ನಾಗಿ ಕಂಡಿತು. ಈಗ ಆ ಮಾತಿಗೂ ನನ್ನ ಬಾಯಲ್ಲಿ ಬೆಲೆಯಿಲ್ಲ.

ಒಂದು ಷರತ್ತಿತ್ತು. ಮನೆಯವರು, ನೆಂಟರು ಕೊಂಡರೆ ಲೆಕ್ಕಕ್ಕಿಲ್ಲ. ಅವಳ ಪ್ರೊಫೆಸರ್ ಮೊದಲ ದಿನವೇ ಹೇಳಿದ್ದರಂತೆ: ಅಪ್ಪ ಅಮ್ಮ ಕೊಂಡರೆ ಅದು ಪ್ರೀತಿ, ಅಪರಿಚಿತರು ಕೊಂಡರೆ ವ್ಯಾಪಾರ. ವಿಭಾ ಇದನ್ನು ಊಟಕ್ಕೆ ಕೂತಾಗ ನಗುತ್ತ ನನಗೆ ಹೇಳಿದಳು. ನಾನು ಕೇಳಿಸಿಕೊಂಡಿದ್ದೆ. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಅಂಗಡಿ ತೆರೆದು ವಾರಗಳು ಕಳೆದವು. ಒಂದೂ ಆರ್ಡರ್ ಇಲ್ಲ. ಮಗಳು ತಟ್ಟೆಯ ಪಕ್ಕ ಫೋನ್ ಇಟ್ಟುಕೊಂಡು, ಅನ್ನ ಆರುವವರೆಗೂ ಅದನ್ನೇ ನೋಡುತ್ತ ಕೂರುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಮಿಶ್ರಾ ಅವರಿಗೆ ಹಣ ಕೊಟ್ಟು, ನಿಮ್ಮ ಫೋನಿನಿಂದ ಇದೊಂದು ಚೀಲ ತರಿಸಿ ಎಂದೆ.

“ಅಚ್ಛಾ, ಬೇಟೀ ಕಾ ಕಾಮ್ ಹೈ?” ಮಗಳ ಕೆಲಸವೇ ಎಂದು ಅವರು ನಕ್ಕರು. “ಹೋ ಜಾಯೇಗಾ,” ಆಗಿಬಿಡುತ್ತದೆ ಎಂದರು.

ಅಂದು ಸಂಜೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ವಿಭಾ ಓಡಿಬಂದಳು. “ಅಪ್ಪ, ಆರ್ಡರ್ ಆ ಗಯಾ. ಯಾರೋ ರೋಹಿಣಿ ಏರಿಯಾದವರು. ನಮಗೆ ಗೊತ್ತೇ ಇಲ್ಲದವರು.” ಆ ಮುಖ — ಅದನ್ನು ಇನ್ನೊಮ್ಮೆ ನೋಡಬೇಕೆನಿಸಿತು. ಅಷ್ಟೇ. ಅಲ್ಲಿಂದಲೇ ಶುರು.

ಮಿಶ್ರಾ ಆದ ಮೇಲೆ ಅವರ ಭಾವಮೈದ, ಆಮೇಲೆ ಕೆಳಗಿನ ಮಹಡಿಯ ಸೆಕ್ಷನ್ನಿನವರು, ಅವರ ಮನೆಯವರು. ವಿಳಾಸಗಳು ಫರೀದಾಬಾದ್, ಗಾಜಿಯಾಬಾದ್, ಜನಕಪುರಿ. ಕೆಲವರು ಚೀಲವನ್ನು ತಾವೇ ಇಟ್ಟುಕೊಂಡರು. ಉಳಿದದ್ದು ನನ್ನ ಆಫೀಸಿನ ಕಪಾಟಿಗೆ ಬಂದು ಬೀಳುತ್ತಿತ್ತು. ಪ್ರತಿ ಚೀಲದೊಳಗೂ ವಿಭಾ ಕೈಯಾರೆ ಬರೆದ ಚೀಟಿ ಇರುತ್ತಿತ್ತು — ನಮ್ಮನ್ನು ನಂಬಿ ಕೊಂಡಿದ್ದಕ್ಕೆ ಧನ್ಯವಾದ ಎಂದು, ಕೊಂಡವರ ಹೆಸರು ಹಾಕಿ. ಮಗಳ ಅಕ್ಷರ, ಯಾರದೋ ಹೆಸರು, ನನ್ನ ಕೈ. ಓದಿ ಹರಿದು ಬುಟ್ಟಿಗೆ ಹಾಕುತ್ತಿದ್ದೆ.

ಆ ವರ್ಷ ಅವರ ಅಂಗಡಿಗೇ ಮೊದಲ ಸ್ಥಾನ ಬಂತು.

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಓದು ಮುಗಿಯುತ್ತ ಬಂದಾಗ ಮಾನೇಸರ್‌ನ ಒಂದು ವಾಹನ ಬಿಡಿಭಾಗಗಳ ಕಂಪನಿ ಇಬ್ಬರಿಗೂ ಕೆಲಸ ಕೊಟ್ಟಿತು. ಲವೀನಾ ಹೋಗೋಣವೆಂದಳು, ಊರಿನಲ್ಲಿ ತಂಗಿಯ ಓದು ಬಾಕಿಯಿತ್ತು. ವಿಭಾಗೆ ಅಂಗಡಿಯನ್ನೇ ಮುಂದುವರಿಸುವ ಆಸೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ನನ್ನ ಹತ್ತಿರ ಬಂದು ನಿಂತು ಕೇಳಿದಳು:

“ಅಪ್ಪ, ನಿಜ ಹೇಳು. ಈ ಮಾನೇಸರ್ ಕೆಲಸ ಬೇಡ ಅಂದ್ಬಿಡ್ಲಾ?”

ನಿಜ ಹೇಳು ಎಂದೇ ಕೇಳಿದಳು. ನನ್ನ ಕೈಯಲ್ಲಿ ಒದ್ದೆ ಟವೆಲ್ ಇತ್ತು. ಅದನ್ನು ಕೊಡವಿ ಹಗ್ಗದ ಮೇಲೆ ಹಾಕಿದೆ. ಆಮೇಲೆ ಹೇಳಿದೆ:

“ಗಿರಾಕಿಗಳೇ ಹೇಳ್ತಿದಾರಲ್ಲಮ್ಮ. ಇನ್ನು ನಾನೇನು ಹೇಳ್ಲಿ?”

ಅಷ್ಟು ಆರ್ಡರ್ ನೋಡಿ ಲವೀನಾಳೂ ಒಪ್ಪಿದಳು; ಇಬ್ಬರೂ ಕೆಲಸ ಬೇಡವೆಂದು ಬರೆದುಕೊಟ್ಟರು. ಲವೀನಾ ಹಾಸ್ಟೆಲ್ ಬಿಟ್ಟು ನಮ್ಮ ಮನೆಯ ಹತ್ತಿರ ಪೇಯಿಂಗ್ ಗೆಸ್ಟ್ ಆಗಿ ಬಂದಳು. ನಮ್ಮ ಮನೆಯ ಹಿಂದಿನ ಕೋಣೆ ಚೀಲಗಳಿಂದ ತುಂಬಿತು.

ನಿಜವಾದ ಗಿರಾಕಿಗಳೂ ಇದ್ದರು. ಹೆಸರು ಕೇಳಿರದ ಊರುಗಳಿಂದ ಆರ್ಡರ್ ಬಂದಾಗ ನಾನೇ ಬೆಚ್ಚುತ್ತಿದ್ದೆ — ಇದು ಯಾರು, ನಾನು ಹೇಳಿದವರಲ್ಲವಲ್ಲ ಎಂದು. ಆದರೆ ಮಿಶ್ರಾ ತಮ್ಮವರಿಗೆ ಹೇಳಿ, ಅವರು ಇನ್ಯಾರಿಗೋ ಹೇಳಿ, ಎಲ್ಲಿಯವರೆಗೆ ನನ್ನ ಕೈ ಇತ್ತು, ಎಲ್ಲಿಂದ ಇರಲಿಲ್ಲ — ನನಗೂ ತಿಳಿಯದಂತಾಯಿತು.

ಆ ನಡುವೆ ಲವೀನಾ ಒಂದು ಕೆಲಸ ಮಾಡಿದಳು. ಚೀಲದಲ್ಲಿ ಏನು ಬದಲಾಗಬೇಕು ಎಂದು ಕೊಂಡವರನ್ನೆಲ್ಲ ಫೋನಿನ ಸಂದೇಶದಲ್ಲಿ ಕೇಳಿದಳು. ಸರಿಯಾದ ಕೆಲಸವೇ, ಕ್ಲಾಸಿನಲ್ಲಿ ಕಲಿಸಿದ್ದೂ ಅದನ್ನೇ. ಆ ಪ್ರಶ್ನೆ ಮಿಶ್ರಾಗೂ ಬಂತು, ನನ್ನ ಆಫೀಸಿನ ಉಳಿದವರಿಗೂ ಬಂತು. ಏನು ಬರೆಯಲಿ ಎಂದು ಅವರು ನನ್ನನ್ನು ಕೇಳಿದರು. ಸಂಸತ್ತಿನ ಅಧಿವೇಶನದ ಸಮಯ, ಮೇಜಿನ ತುಂಬ ಫೈಲು. ತಲೆಯೆತ್ತದೆ ಹೇಳಿದೆ, “ದಾರ ಕಟ್ಟೋದು ಕಷ್ಟ, ಜಿಪ್ ಇದ್ದರೆ ಚೆನ್ನ ಅಂತ ಬರೀರಿ.” ಎಲ್ಲರೂ ಅದನ್ನೇ ಬರೆದರು. ಲವೀನಾ ಆ ಉತ್ತರಗಳನ್ನು ನಂಬಿ ದಾರ ತೆಗೆಸಿ ಜಿಪ್ ಹಾಕಿಸಿದಳು. ಅದಕ್ಕಾಗಿ ಟೈಲರ್‌ನನ್ನೂ ಬದಲಾಯಿಸಿದಳು. ವಿಭಾಗೆ ಅಷ್ಟಾಗಿ ಇಷ್ಟವಿರಲಿಲ್ಲ. ಗಿರಾಕಿಗಳೇ ಕೇಳಿದ್ದಾರಲ್ಲ ಎಂದು ಒಪ್ಪಿಕೊಂಡಳು.

ಜಿಪ್ಪಿನ ಚೀಲ ಬಂದದ್ದೂ ನಾನು ನಿವೃತ್ತನಾದದ್ದೂ ಹೆಚ್ಚುಕಡಿಮೆ ಒಟ್ಟಿಗೇ. ಕಪಾಟು ಖಾಲಿ ಮಾಡಿದೆ. ಅದರಲ್ಲಿದ್ದ ಚೀಲಗಳನ್ನು ಮಿಶ್ರಾ ತಮ್ಮ ಊರಿಗೆ ಒಯ್ದು ಹಂಚಿದರು. ಇನ್ನು ನನಗೆ ಹೇಳಿ ಕೊಳ್ಳಿಸಲು ಆಫೀಸಿರಲಿಲ್ಲ, ಜನರಿರಲಿಲ್ಲ. ಆರ್ಡರ್‌ಗಳು ಇಳಿದವು. ಒಂದೇ ಸಮನೆ ಇಳಿದವು.

ಅದು ಭಾನುವಾರ. ನಾನು ಹಾಲ್‌ನಲ್ಲಿ ಪೇಪರ್ ಹಿಡಿದು ಕೂತಿದ್ದೆ. ಹಿಂದಿನ ಕೋಣೆಯಲ್ಲಿ ವಿಭಾಳ ಧ್ವನಿ ಏರಿತು.

“ಎಲ್ಲ ಚೆನ್ನಾಗಿ ನಡೀತಿತ್ತು. ನೀನು ಜಿಪ್ ಹಾಕ್ಸಿದ ದಿನದಿಂದ ಖತಮ್. ಡೇಟ್ ನೋಡು, ನೀನೇ ನೋಡು.”

“ಅವರೇ ಕೇಳಿದ್ದಲ್ವಾ ವಿಭಾ? ನಾನು ನನ್ನಷ್ಟಕ್ಕೆ ಮಾಡಿದ್ದಲ್ಲ.”

“ಕೇಳಿದವರು ಒಬ್ರಾದ್ರೂ ಮತ್ತೆ ತಗೊಂಡ್ರಾ? ನೀನು ಏನು ಕೇಳಿದೆಯೋ, ಹೇಗೆ ಕೇಳಿದೆಯೋ.”

ಲವೀನಾ ಚೀಲವೊಂದನ್ನು ಹಿಡಿದು ಹಾಲ್‌ಗೆ ಬಂದಳು. ಅಳುತ್ತಿರಲಿಲ್ಲ. ಅದನ್ನು ನನ್ನ ಮುಂದೆ ಚಾಚಿದಳು. “ಅಂಕಲ್, ನೀವಾದ್ರೂ ಹೇಳಿ. ಇದು ಅಷ್ಟು ಕೆಟ್ಟದಾಗಿ ಉಂಟಾ?”

ಬಾಗಿಲಲ್ಲಿ ವಿಭಾ ನಿಂತಿದ್ದಳು. ಸರೋಜಾ ಅಡುಗೆಮನೆಯಿಂದ ನೋಡುತ್ತಿದ್ದಳು. ಆ ಜಿಪ್ಪು ನನ್ನ ಬಾಯಿಂದ ಬಂದದ್ದು. ಒಂದು ಮಾತು ಸಾಕಿತ್ತು. ಹೇಳಿದರೆ ಮಗಳ ಕಣ್ಣಿನಲ್ಲಿ ನಾನು — ಇಲ್ಲ, ಅದನ್ನೂ ಬರೆಯಬಾರದು. ನಾನು ಹೇಳಿದ್ದು ಇಷ್ಟು:

“ನನಗೆ ಅದೆಲ್ಲ ಗೊತ್ತಾಗಲ್ಲಮ್ಮ.”

ಲವೀನಾ ಚೀಲವನ್ನು ಟೀಪಾಯ್ ಮೇಲಿಟ್ಟಳು. ಸರೋಜಾಗೆ “ಬರ್ತೇನೆ ಆಂಟಿ” ಎಂದು ಹೇಳಿ ಹೋದಳು. ಮತ್ತೆ ಬರಲಿಲ್ಲ. ಲವೀನಾ ಯಾಕೆ ಬರ್ತಿಲ್ಲ ಎಂದು ಸರೋಜಾ ತುಂಬ ದಿನ ಕೇಳುತ್ತಿದ್ದಳು. ಹುಡುಗಿಯರ ಜಗಳ, ನಮಗ್ಯಾಕೆ ಎನ್ನುತ್ತಿದ್ದೆ.

ಅಂಗಡಿ ಮುಚ್ಚಿತು. ವಿಭಾ ಪಿಎಚ್‌ಡಿ ಮಾಡಿದಳು. ಈಗ ನೋಯ್ಡಾದ ಒಂದು ವಿಶ್ವವಿದ್ಯಾಲಯದಲ್ಲಿ ಅದೇ ವಿಷಯ ಕಲಿಸುತ್ತಾಳೆ — ಉದ್ಯಮಶೀಲತೆ, ಇ-ಕಾಮರ್ಸ್. ನಾವು ದ್ವಾರಕಾದಲ್ಲಿ ಫ್ಲ್ಯಾಟ್ ಕೊಂಡೆವು. ನನಗೆ ಮರೆತೇಹೋಗಿತ್ತು ಎಂದರೆ ಸುಳ್ಳಾಗುತ್ತದೆ. ಮರೆತವನಂತೆ ಇರುವುದು ಅಭ್ಯಾಸವಾಗಿತ್ತು.

ಕಳೆದ ಚಳಿಗಾಲ ಅವಳ ವಿಭಾಗದಲ್ಲಿ, ಹೊಸ ವಿದ್ಯಾರ್ಥಿಗಳಿಗೆಂದು ಅವಳ ಉಪನ್ಯಾಸವಿತ್ತು. ನಮ್ಮನ್ನೂ ಕರೆದಿದ್ದಳು. ಹಿಂದಿನ ಸಾಲಿನಲ್ಲಿ ಕೂತೆವು. ತನ್ನ ಹಳೆಯ ಅಂಗಡಿಯ ಕಥೆಯನ್ನೇ ಅವಳು ಉದಾಹರಣೆಯಾಗಿ ತೆಗೆದುಕೊಂಡಳು. ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು: ಅಪರಿಚಿತರು ಮನಸಾರೆ ಕೊಳ್ಳುತ್ತಿದ್ದ ಒಂದು ವಸ್ತು, ಅದನ್ನು ತಿದ್ದಲು ಹೊರಟ ಒಬ್ಬ ಪಾಲುದಾರಳು, ಗಿರಾಕಿಗಳು ಬಾಯಲ್ಲಿ ಹೇಳಿದ್ದನ್ನು ನಂಬಿ ಅವರ ನಡತೆಯನ್ನು ನೋಡದೆ ಹೋದ ತಪ್ಪು. ಜಿಪ್ಪಿನ ಚಿತ್ರ ಪರದೆಯ ಮೇಲೆ ಬಂದಾಗ ಹುಡುಗರು ನಕ್ಕರು. ವಿಭಾಳೂ ನಕ್ಕಳು. ಪ್ರತಿ ವರ್ಷ ಈ ಪಾಠ ಮಾಡುತ್ತಾಳಂತೆ. ಸರೋಜಾ ಚಪ್ಪಾಳೆ ತಟ್ಟಿದಳು. ನನ್ನ ಕೈ ಮೇಲೇಳಲಿಲ್ಲ.

ಅಲ್ಲಿ ಕೂತ ಮಕ್ಕಳೆಲ್ಲ ಬರೆದುಕೊಳ್ಳುತ್ತಿದ್ದರು.

ಲವೀನಾ ಎಲ್ಲಿದ್ದಾಳೆಂದು ಹುಡುಕುವುದು ಕಷ್ಟವಾಗಲಿಲ್ಲ. ಅಂದು ಬೇಡವೆಂದ ಮಾನೇಸರ್‌ನ ಕಂಪನಿಗೇ, ಇನ್ನೂ ಕೆಳಗಿನ ಹುದ್ದೆಗೆ, ಆಮೇಲೆ ಸೇರಿಕೊಂಡಿದ್ದಳು. ಫೋನ್ ಮಾಡಿ ಹೋದೆ. ಕಾರ್ಖಾನೆಯ ಗೇಟಿನ ಎದುರಿಗೆ ಒಂದು ಢಾಬಾ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಎದುರುಬದುರು ಕೂತೆವು. ಅವಳ ಕೂದಲಲ್ಲಿ ಆಗಲೇ ಬಿಳಿ ಎಳೆಗಳಿದ್ದವು.

“ಎಂತ ಅಂಕಲ್, ಆಂಟಿ ಹುಷಾರಾಗಿದ್ದಾರಲ್ಲ?” ಎಂದು ಮೊದಲು ಕೇಳಿದಳು.

ಹೇಳಿದೆ. ಮಿಶ್ರಾ ಅವರಿಂದ ಹಿಡಿದು ಜಿಪ್ಪಿನವರೆಗೆ ಎಲ್ಲ. ಚಹಾ ತಂದ ಭಯ್ಯಾಗೆ ಬೇಡವೆಂದು ಕೈಯಾಡಿಸಿದಳು.

ಆಮೇಲೆ ಹೇಳಿದಳು, “ಆಫೀಸಲ್ಲಿ ಯಾರಾದ್ರೂ ನನ್ನ ಅಭಿಪ್ರಾಯ ಕೇಳಿದ್ರೆ, ಮೊದಲು ಹೇಗಿತ್ತೋ ಹಾಗೇ ಇರ್ಲಿ ಅಂತೇನೆ. ಇಷ್ಟು ವರ್ಷ ಅದನ್ನೇ ಹೇಳಿದ್ದೇನೆ. ನನಗೆ ಬುದ್ಧಿ ಇಲ್ಲ ಅಂತ ಗಟ್ಟಿ ಮಾಡ್ಕೊಂಡಿದ್ದೆ.” ಮತ್ತೆ ಕೇಳಿದಳು, “ವಿಭಾಗೆ ಗೊತ್ತುಂಟಾ?”

“ಇಲ್ಲ. ಮೊದಲು ನಿನಗೆ —”

“ಮೊದಲು ನನ್ನ ಹತ್ರ ಯಾಕೆ ಬಂದ್ರಿ ಅಂಕಲ್?”

ನನ್ನಲ್ಲಿ ಉತ್ತರವಿತ್ತು. ನೀನು ಬೈದರೆ ತಡೆದುಕೊಳ್ಳಬಲ್ಲೆ, ಅವಳು ಬೈದರೆ ಆಗದು ಎಂಬ ಉತ್ತರ. ಅದನ್ನು ಬಾಯಿಬಿಟ್ಟು ಹೇಳಲಾಗಲಿಲ್ಲ. ಅವಳಿಗೆ ಅರ್ಥವಾಗಿರಬೇಕು. ಎದ್ದು ನಿಂತಳು. “ಶಿಫ್ಟ್ ಉಂಟು,” ಎಂದು ಗೇಟಿನ ಕಡೆ ನಡೆದಳು. ಕ್ಷಮಿಸಿದ್ದೇನೆ ಎನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ.

ಮರುದಿನ ಬೆಳಿಗ್ಗೆ ವಿಭಾಳ ಮನೆಗೆ ಹೋದೆ. ಕಾಫಿ ಬೆರೆಸುತ್ತಿದ್ದಳು. ಅಡುಗೆಮನೆಯಲ್ಲೇ ನಿಂತು ಹೇಳಿದೆ. ಅವಳು ಸ್ಟವ್ ಆರಿಸಿದಳು, ಕಟ್ಟೆಗೆ ಎರಡೂ ಕೈ ಊರಿ ನಿಂತಳು.

“ಆ ಮೊದಲನೇ ಆರ್ಡರ್, ರೋಹಿಣಿ ಏರಿಯಾದವರು?” ಎಂದಳು.

“ನಾನೇ.”

“ಪ್ರೈಜ್ ಬಂತಲ್ಲ, ಆ ವರ್ಷದ್ದು?”

“ನಾನೇ. ಹೆಚ್ಚಿನದು.”

“ನಿಜವಾಗ್ಲೂ ತಗೊಂಡವರು ಎಷ್ಟು ಜನ ಇದ್ರು ಅಪ್ಪ?”

“ಗೊತ್ತಿಲ್ಲಮ್ಮ. ನನಗೇ ಗೊತ್ತಾಗ್ತಿರಲಿಲ್ಲ.”

ಆ ಉತ್ತರವೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು ಎಂದು ಕಾಣುತ್ತದೆ. ಚೀಲ ಒಳ್ಳೆಯದಿತ್ತೋ ಇಲ್ಲವೋ, ತನಗೆ ಆ ವಿದ್ಯೆ ಇತ್ತೋ ಇಲ್ಲವೋ — ಇನ್ನು ಯಾವತ್ತೂ ಅವಳಿಗೆ ತಿಳಿಯುವಂತಿಲ್ಲ. ಸೋತಿದ್ದರೂ ಅದು ಅವಳದೇ ಸೋಲಾಗಿರುತ್ತಿತ್ತು. ಅಷ್ಟನ್ನೂ ನಾನು ಉಳಿಸಲಿಲ್ಲ.

“ಲವೀನಾಗೆ ನಾನು ಏನೆಲ್ಲ ಅಂದೆ,” ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ಕಿಟಕಿಯ ಕಡೆ ತಿರುಗಿದಳು. ಅಲ್ಲಿಂದಲೇ ಕೇಳಿದಳು, “ಮುಂದಿನ ವಾರ ಇನ್ನೊಂದು ಬ್ಯಾಚಿಗೆ ಅದೇ ಪಾಠ ಇದೆ. ಬಚ್ಚೋಂ ಕೋ, ಆ ಹುಡುಗರಿಗೆ, ಏನು ಹೇಳ್ಲಿ ಈಗ?”

“ನಾನು ಬರ್ತೀನಿ. ಎಲ್ಲರ ಮುಂದೆ ನಾನೇ ಹೇಳ್ತೀನಿ. ಲವೀನಾ ಹತ್ರಾನೂ ಇನ್ನೊಂದು ಸಲ ಹೋಗಿ ಮಾತಾಡಿ —”

“ಬೇಡ.” ಅವಳು ತಿರುಗಲಿಲ್ಲ. “ಈ ಸಲ ನೀನು ಏನೂ ಮಾಡ್ಬೇಡ ಅಪ್ಪ.”

ಮನೆಗೆ ಬಂದು ಸರೋಜಾಗೂ ಹೇಳಿದೆ. ಅವಳು ಇನ್ನೂ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. ವಿಭಾ ಆ ಪಾಠ ಮಾಡಿದಳೋ, ಬಿಟ್ಟಳೋ, ಲವೀನಾಗೆ ಫೋನ್ ಮಾಡಿದಳೋ — ಗೊತ್ತಿಲ್ಲ. ಕೇಳಬೇಕೆನಿಸುತ್ತದೆ. ಅವಳ ಸಹೋದ್ಯೋಗಿಯೊಬ್ಬರ ಪರಿಚಯ ನನಗಿದೆ. ಅವರನ್ನು ವಿಚಾರಿಸಿದರೆ ತಿಳಿದೀತು. ವಿಚಾರಿಸಿಲ್ಲ. ವಿಚಾರಿಸುವುದಿಲ್ಲ. ಅವಳು ಹೇಳಿದ ಹಾಗೆ ಇದ್ದೇನೆ — ಏನೂ ಮಾಡದೆ.