ಎಲೋಫನ ಬೆನ್ನು, ಡಾಗ್ನಿಯ ಚಿಮಟ

ಡಾಗ್ನಿ ತನ್ನ ಗಂಡನ ಮುಖಕ್ಕಿಂತ ಅವನ ಬೆನ್ನನ್ನೇ ಹೆಚ್ಚು ನೋಡಿದ್ದಾಳೆ. ಇದು ನನ್ನ ಕೊಂಕಲ್ಲ. ನಮ್ಮ ದೋಣಿಕಟ್ಟೆಯ ಮೇಲೆ ನನ್ನ ಪಕ್ಕ ಕೂತು ಹೆರಿಂಗ್ ಮೀನು ಸೀಳುತ್ತಾ ಅವಳೇ ಹೇಳಿದ ಮಾತು. ಉತ್ತರದ ಚಳಿಸಮುದ್ರದ ಓಲಂಡ್ ದ್ವೀಪಗಳಲ್ಲಿ ನಮ್ಮದು ತೀರಾ ಸಣ್ಣದು. ಇರುವುದೇ ಎರಡು ಮನೆ, ಒಂದು ಅವರದು, ಒಂದು ನನ್ನದು. ಉಳಿದದ್ದೆಲ್ಲ ಜುನಿಪರ್ ಪೊದೆ, ಎಲೋಫನ ಕುರಿ, ಎಲ್ಲಿಂದಲೋ ಈಜಿ ಬಂದ ಜಿಂಕೆ, ಅವುಗಳ ಮೈಮೇಲೆ ರಕ್ತ ಹೀರುವ ಉಣುಗು.

ಎಲೋಫ್ ಹಟಮಾರಿ ಅಂದರೆ ಹಟಮಾರಿ. ಉಣುಗಿನ ಜ್ವರಕ್ಕೆ ನಾವೆಲ್ಲ ಲಸಿಕೆ ಹಾಕಿಸಿಕೊಂಡಾಗ, ಇವನು ಮಾತ್ರ "ನಾನೇನು ಸೂಜಿ ಚುಚ್ಚಿಡೋ ದಿಂಬಾ?" ಎಂದು ನರ್ಸಿಗೆ ಬೆನ್ನು ತಿರುಗಿಸಿ ಹೋದ. ಅದೇ ಬೇಸಿಗೆ ಜ್ವರ ಮಿದುಳಿಗೆ ಏರಿತು. ಜೀವ ಉಳಿಯಿತು, ಬಲಗೈ ಮಾತ್ರ ಅಂದಿನಿಂದ ನಡುಗುತ್ತದೆ. ಚಮಚೆಯಲ್ಲಿ ಸೂಪು ನಿಲ್ಲದವನ ಕೈಯಲ್ಲಿ ಚಿಮಟ ನಿಲ್ಲುತ್ತದೆಯೇ? ಹಾಗೆಂದು ಪೊದೆಗೆ ನುಗ್ಗುವುದನ್ನು ಬಿಟ್ಟನೇ? ಇಲ್ಲ. ಕುರಿ ಎಲ್ಲಿ ನುಗ್ಗುತ್ತದೋ ಅಲ್ಲೆಲ್ಲ ಇವನೂ.

ಉಣುಗು ಎದ್ದು ಕಾಣಲಿ ಎಂದು ಡಾಗ್ನಿ ಅವನಿಗೆ ಬಿಳಿ ಪ್ಯಾಂಟು ಹೊಲಿದುಕೊಟ್ಟಳು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕದೆ ಹೊಸಿಲು ದಾಟಗೊಡುತ್ತಿರಲಿಲ್ಲ. ಹುಲ್ಲು ಚಿಗುರುವ ಏಪ್ರಿಲ್‌ನಿಂದ ನವೆಂಬರಿನವರೆಗೆ ಪ್ರತಿ ಸಂಜೆ ಅವನು ಸೌನಾದ, ಅಂದರೆ ಹಬೆಸ್ನಾನದ ಮನೆಯ, ಹೊರಕೋಣೆಯಲ್ಲಿ ಬಟ್ಟೆ ಕಳಚಿ, ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಅವಳು ಕಿವಿಯ ಹಿಂದೆ, ಕಂಕುಳು, ಸೊಂಟ, ಮೊಣಕಾಲ ಹಿಂಭಾಗ, ಎಲ್ಲ ಬೆರಳಾಡಿಸಿ ನೋಡುತ್ತಾಳೆ. ಸಿಕ್ಕಿದರೆ ಚರ್ಮಕ್ಕೆ ಒತ್ತಿ ಚಿಮಟ ಹಿಡಿದು, ತಿರುಚದೆ, ನೆಟ್ಟಗೆ ಎಳೆಯುತ್ತಾಳೆ. ನನ್ನ ಅಮ್ಮ ಬೆಣ್ಣೆ ಸವರುತ್ತಿದ್ದಳು ಎಂದು ಒಮ್ಮೆ ಹೇಳಿ ನಾನು ಬೈಸಿಕೊಂಡೆ. "ಬೆಣ್ಣೆ ರೊಟ್ಟಿಗೆ ಕಣೇ. ಉಣುಗಿಗೂ ಉಪಚಾರ ಮಾಡ್ತಾ ಕೂತ್ರೆ ಅದು ಒಳಗಿರೋ ವಿಷಾನೆಲ್ಲ ಕಕ್ಕತ್ತೆ."

ಕೊನೆಗೆ ಅವನು "ಇದೆಯಾ?" ಎನ್ನುತ್ತಾನೆ. ಇವಳು "ಇಲ್ಲ" ಎನ್ನುತ್ತಾಳೆ. ಆಮೇಲೆ ಅವನು ಇವಳ ಬೆನ್ನು ನೋಡಿ "ಇಲ್ಲ" ಎನ್ನುತ್ತಾನೆ. ಕಡೆಗೆ ಟಾಸ್ಸೆ ನಾಯಿಯ ಸರದಿ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ. ಆ ಮನೆಯಲ್ಲಿ ದಿನಕ್ಕೆ ನಡೆಯುವ ಮಾತುಕತೆ ಇಷ್ಟೇ, ದೇವರಾಣೆಗೂ.

ಈ ವರ್ಷ ಡಾಗ್ನಿಯ ತಂಗಿ ಸೋಲ್ವೇಗ್ ಪಟ್ಟಣದಲ್ಲಿ ನೇಯ್ಗೆಯ ಕೋಣೆ ತೆರೆದಳು. ಎರಡು ದೊಡ್ಡ ಮಗ್ಗ; ಒಂದು ಅವಳಿಗೆ, ಇನ್ನೊಂದು ಅಕ್ಕನಿಗೆ. ಮದುವೆಗೆ ಮುಂಚೆ ಡಾಗ್ನಿ ನೇಯ್ದ ಕಂಬಳಿ ಇವತ್ತಿಗೂ ನನ್ನ ಹಾಸಿಗೆಯ ಮೇಲಿದೆ, ಒಂದೆಳೆ ಬಿಟ್ಟಿಲ್ಲ. "ನಡುಬೇಸಿಗೆ ಹಬ್ಬದೊಳಗೆ ಬಾ. ಇಲ್ಲಾಂದ್ರೆ ಬೇರೆಯವ್ರಿಗೆ ಕೊಟ್ಬಿಡ್ತೀನಿ" ಎಂದಿದ್ದಳು ತಂಗಿ.

"ಹೋಗೇ ಮತ್ತೆ!" ಎಂದೆ ನಾನು.

"ಅವನ ಬೆನ್ನು ಯಾರು ನೋಡ್ತಾರೆ?"

"ಚಳಿಗಾಲದಲ್ಲಿ ಹೋಗು. ಆಗ ಉಣುಗು ಇರಲ್ಲ."

"ಆಗ ಸಮುದ್ರ ಹೆಪ್ಪುಗಟ್ಟಿರತ್ತೆ. ದೋಣಿ ಎಲ್ಲಿಂದ ಬರತ್ತೆ, ನಿಮ್ಮಜ್ಜನ ಮನೆಯಿಂದ್ಲಾ?"

"ಅವನನ್ನೂ ಕರ್ಕೊಂಡ್ಹೋಗು."

"ಕುರಿ ಬಿಟ್ಟು ಬರೋ ಗಂಡಸಾ ಅವನು?"

ಅವಳ ಹೆದರಿಕೆ ಸುಳ್ಳಲ್ಲ. ಹಿಂದಿನ ವರ್ಷ ತಂಗಿಯ ಹುಟ್ಟುಹಬ್ಬಕ್ಕೆಂದು ಎರಡು ರಾತ್ರಿ ಪಟ್ಟಣದಲ್ಲಿ ಉಳಿದಿದ್ದಳು. ಅವಳು ತಿರುಗಿ ಬಂದು ನೋಡಿದಾಗ ಅವನ ಬೆನ್ನ ಮೇಲೊಂದು ಉಣುಗು ದ್ರಾಕ್ಷಿಯಂತೆ ಊದಿಕೊಂಡು ಕೂತಿತ್ತು. ಕೆಲವು ದಿನಕ್ಕೆ ಅಲ್ಲಿ ಕೆಂಪು ಉಂಗುರ ಹರಡಿತು. ಅದು ಉಣುಗಿನದೇ ಇನ್ನೊಂದು ಕಾಯಿಲೆ, ಅದಕ್ಕೆ ಲಸಿಕೆಯೇ ಇಲ್ಲ. ಮಾತ್ರೆ ನುಂಗಿ ಗುಣವಾಯಿತು, ಆದರೆ ಉಂಗುರ ಮಾತ್ರ ಸಂಕೋಲೆಯಾಗಿ ಡಾಗ್ನಿಯ ಕಾಲಿಗೆ ಬಿತ್ತು.

"ಪ್ರೀತಿ ಇದ್ದಿದ್ರೆ ಖುಷಿಯಾಗಿ ಇರ್ತಿದ್ದೆ ಹಿಲ್ಡುರ್. ಜಗಳ ಇದ್ದಿದ್ರೆ ಬಿಟ್ಟು ಹೋಗ್ತಿದ್ದೆ. ಇಲ್ಲಿ ಇರೋದು ಬರೀ ಬೆನ್ನು. ಬೆನ್ನನ್ನ ಏನ್ಮಾಡ್ಲಿ ಹೇಳು?" ಎಂದಳು. ಕೈಯಲ್ಲಿದ್ದ ಮೀನನ್ನು ಎಸೆದೇಬಿಟ್ಟಳು.

ಇದೇ ದಿನಗಳಲ್ಲಿ ಟಾಸ್ಸೆ ಕುಂಯ್‌ಗುಡುತ್ತಾ ನಮ್ಮ ಮನೆಗೆ ಓಡಿಬರತೊಡಗಿತು. ನೋಡಿದರೆ ಕತ್ತಿನಲ್ಲಿ ಅಲ್ಲಲ್ಲಿ ಕೂದಲೇ ಇಲ್ಲ! ನನಗೆ ಪಿತ್ತ ನೆತ್ತಿಗೇರಿತು. ನೆಟ್ಟಗೆ ಹೋಗಿ, ಕುರಿಗೆ ನೀರಿಡುತ್ತಿದ್ದ ಎಲೋಫನನ್ನು ತಡೆದೆ.

"ಮೂಕಪ್ರಾಣಿಗೆ ಏನೋ ಮಾಡ್ತಿದೀಯ?"

"ಏನಿಲ್ಲ."

"ಏನಿಲ್ವಂತೆ! ನಾಯಿ ಗೋಳು ಒಂದು ಕಡೆ, ಹೆಂಡ್ತಿ ಗೋಳು ಇನ್ನೊಂದು ಕಡೆ. ನಿನ್ನ ಬೆನ್ನು ಅವಳ ಕತ್ತಿಗೆ ಕಟ್ಟಿರೋ ಬಂಡೆ ಕಣೋ! ಮಗ್ಗ ಅಲ್ಲಿ ಕಾಯ್ತಿದೆ, ಇವಳು ಇಲ್ಲಿ ಕೊಳೀತಿದಾಳೆ. ಕಣ್ಣು ಕಾಣಲ್ವಾ ನಿಂಗೆ?"

ಎಲುಬಿಲ್ಲದ ನಾಲಿಗೆ ನನ್ನದು, ಅಂದದ್ದಕ್ಕೆ ನಾಚಿಕೆಯೂ ಇಲ್ಲ. ಅವನು ಬಕೆಟ್ಟು ಕೆಳಗಿಟ್ಟ. "ಕಾಣತ್ತೆ" ಎಂದು ಹೊರಟುಹೋದ.

ಜೂನ್ ಕೊನೆಗೆ ಬರುವ ಆ ಹಬ್ಬಕ್ಕೆ ಇನ್ನೇನು ನಾಲ್ಕೈದು ದಿನವಿತ್ತು. ಸಂಜೆ ಡಾಗ್ನಿ ಏದುಸಿರು ಬಿಡುತ್ತಾ ನನ್ನನ್ನು ಕರೆಯಲು ಬಂದಳು. "ಬಾರೇ, ಇವನಿಗೆ ತಲೆ ಕೆಟ್ಟಿದೆ. ನನ್ನ ತವರಿನ ಬೀರುವಿನ ಬಾಗಿಲನ್ನೇ ಕಿತ್ತಿದಾನೆ!"

ಸೌನಾದ ಹೊರಕೋಣೆಯಲ್ಲಿ ಆ ಬೀರುವಿನ ನಿಲುಗನ್ನಡಿ ಗೋಡೆಗೆ ಒರಗಿ ನಿಂತಿತ್ತು. ಎದುರು ಗೋಡೆಯಲ್ಲಿ ಗಡ್ಡ ಹೆರೆಯುವ ಕನ್ನಡಿ. ನಡುವೆ ಅಂಗಿ ಬಿಚ್ಚಿದ ಎಲೋಫ್, ಎಡಗೈಯಲ್ಲಿ ಉದ್ದ ಹಿಡಿಯ ಚಿಮಟ. ನಾವು ನೋಡುತ್ತಿದ್ದಂತೆ ಆ ಕೈಯನ್ನು ಭುಜದ ಮೇಲಿಂದ ಹಿಂದಕ್ಕೆ ಹಾಕಿ, ಕನ್ನಡಿಯಲ್ಲಿ ಗುರಿಯಿಟ್ಟು, ಒಂದು ಉಣುಗನ್ನು ಹಿಡಿದು ನೆಟ್ಟಗೆ ಎಳೆದ. ಕಾಲು ಮುರಿಯದೆ ಇಡಿಯಾಗಿ ಬಂತು.

"ಎಡಗೈಲಿ ಯಾವಾಗ ಕಲಿತೆ?" ಎಂದಳು ಡಾಗ್ನಿ.

"ಟಾಸ್ಸೆ ಮೇಲೆ, ಕೂದಲು ಕಿತ್ತು. ಮಂಜುಗಡ್ಡೆ ಕರಗಿದಾಗಿಂದ." ಸೋಲ್ವೇಗ್‌ಳ ಮೊದಲ ಫೋನು ಬಂದದ್ದೇ ಆಗ. ನನ್ನ ಬೈಗುಳಕ್ಕೆ ಎಷ್ಟೋ ಮೊದಲೇ ಅವನಿಗೆ ಎಲ್ಲ ಗೊತ್ತಿತ್ತು! ಅವನು ಹೆಂಡತಿಯ ಕಡೆ ತಿರುಗಿ ನಿಂತು, ಮುಖ ನೋಡಿಯೇ ಹೇಳಿದ: "ಹೋಗು ಡಾಗ್ನಿ. ಮಗ್ಗ ಬೇರೆಯವ್ರ ಪಾಲಾಗತ್ತೆ."

ಅವಳು ಅತ್ತಳು, ಬೈದಳು, ಬೀರುವಿನ ಬಾಗಿಲು ಮತ್ತೆ ಕೂರಿಸೆಂದಳು. ಹಬ್ಬದ ಹಿಂದಿನ ದಿನ ದೋಣಿ ಹತ್ತಿದಳು. ಪೆಟ್ಟಿಗೆ ಹೊತ್ತು ತಂದವನು ಎಲೋಫನೇ. ದೋಣಿ ಮರೆಯಾಗುವವರೆಗೂ ಅವಳು ನೋಡುತ್ತಿದ್ದುದು ಅವನ ಮುಖವನ್ನು.

ಹಬ್ಬ ಕಳೆದ ಮೂರನೆಯ ಸಂಜೆ ಅವನು ನನ್ನ ಬಾಗಿಲಲ್ಲಿ ನಿಂತಿದ್ದ. ಚಿಮಟ ಚಾಚಿದ.

"ಒಂದಿದೆ. ಕನ್ನಡೀಲಿ ಕಾಣತ್ತೆ. ಕೈ ಎಟುಕಲ್ಲ."

ನೋಡಿದೆ. ಎರಡು ಹೆಗಲಮೂಳೆಗಳ ನಟ್ಟನಡುವೆ, ಮೇಲಿನಿಂದಲೂ ಕೆಳಗಿನಿಂದಲೂ ಯಾರ ಕೈಯೂ ತಲುಪದ ಅಂಗೈಯಗಲದ ಜಾಗದಲ್ಲಿ ಕಚ್ಚಿಕೊಂಡಿತ್ತು. ಚರ್ಮಕ್ಕೆ ಒತ್ತಿ ಹಿಡಿದು ಎಳೆದೆ. ಅಷ್ಟರಲ್ಲಿ ಅವನ ಜೇಬಿನ ಫೋನು ಹೊಡೆದುಕೊಂಡಿತು. ಡಾಗ್ನಿಯ ದನಿ ನನಗೂ ಕೇಳಿಸಿತು.

"ಇದೆಯಾ?"

ಅವನು ನನ್ನ ಕಡೆ ನೋಡಿದ. ನನ್ನ ಚಿಮಟದಲ್ಲಿ ಅದು ಇನ್ನೂ ಕಾಲಾಡಿಸುತ್ತಿತ್ತು.

"ಇಲ್ಲ," ಎಂದ.

"ಸರಿಯಾಗಿ ನೋಡಿದ್ಯಾ? ನಡುಬೆನ್ನಿಗೆ ಕೈ ಎಟುಕತ್ತಾ?"

"ಎಟುಕತ್ತೆ."

ಹುಟ್ಟಿದಾಗಿನಿಂದ ಬಾಯಿ ಮುಚ್ಚದ ನಾನು ಅವತ್ತು ಮುಚ್ಚಿದೆ. ಅವನು "ಏನು ನೇಯ್ತಿದೀಯ?" ಎಂದು ಕೇಳಿದ. ಅವಳು ಹೇಳಿದಳು, ಹೇಳುತ್ತಲೇ ಹೋದಳು. ಅವನು ಬರಿಮೈಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡ.

ಫೋನು ಇಟ್ಟ ಮೇಲೆ ಅಂಗಿ ತೊಡುತ್ತಾ, ಗೋಡೆಗೆ ಹೇಳುವವನಂತೆ ಕೇಳಿದ: "ನಾಳೇನೂ ಬರ್ಲಾ?"

"ಬಾ ಮಾರಾಯ, ಇನ್ನೇನ್ಮಾಡ್ಲಿ," ಎಂದೆ. ಉಣುಗಿನ ಕಾಲ ನವೆಂಬರಿನವರೆಗೆ; ಆಗಿನ್ನೂ ಜೂನ್ ಕೂಡ ಮುಗಿದಿರಲಿಲ್ಲ.