ಶನಿವಾರಕ್ಕೊಂದು ರಾಜ್ಯ

ನನ್ನ ಮಗಳಿಗೆ ಜ್ವರ ಬಂದ ಸುದ್ದಿ ನನಗೆ ಹುಬ್ಬಳ್ಳಿಯಿಂದ ಬಂತು.

ಇದರಲ್ಲೇನು ವಿಶೇಷ ಅಂದಿರಾ? ಮಗಳು ಶಾಲ್ಮಲಾ ಓದುತ್ತಿರುವುದು ಮೆಲ್ಬರ್ನ್‌ನಲ್ಲಿ, ಕ್ಲೇಟನ್ನಿನ ಒಂದು ಬಾಡಿಗೆ ಮನೆಯಲ್ಲಿ ಗೆಳತಿಯರ ಜೊತೆ. ನಾನಿರುವುದು ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ. ನಡುವೆ ಒಂದೂವರೆ ತಾಸಿನ ವಿಮಾನ. ಆದರೂ ಅವಳಿಗೆ ನೆಗಡಿಯಾದರೆ ಆ ಸುದ್ದಿ ಮೊದಲು ಸಮುದ್ರ ದಾಟಿ ಹುಬ್ಬಳ್ಳಿಯಲ್ಲಿರುವ ನನ್ನ ಹೆಂಡತಿ ವಿಜಯಾಳಿಗೆ ಹೋಗುತ್ತದೆ. ಅಲ್ಲಿಂದ ಸಂಜೆ ನನಗೆ ಬರುತ್ತದೆ. (ಪೋಸ್ಟ್ ಕಾರ್ಡಿನ ಕಾಲದಲ್ಲೂ ಇಷ್ಟು ಸುತ್ತುದಾರಿ ಇರಲಿಲ್ಲ.)

ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅವರನ್ನು ನೋಡಿಕೊಳ್ಳಲು ವಿಜಯಾ ಊರಿಗೆ ಹೋಗಿ ಐದು ತಿಂಗಳಾಯಿತು. ಅವಳು ಹೋದ ಮೇಲೆ ನನಗೊಂದು ವಿಷಯ ಗೊತ್ತಾಯಿತು. ಇಷ್ಟು ವರ್ಷ ನಾನು ಮಗಳ ಜೊತೆ ಮಾತಾಡಿಯೇ ಇರಲಿಲ್ಲ!

ನಮ್ಮ ಮನೆಗಳ ಪದ್ಧತಿ ನಿಮಗೆ ಗೊತ್ತಿರುವುದೇ. ಮಕ್ಕಳು ಫೋನ್ ಮಾಡುವುದು ಅಮ್ಮನಿಗೆ. ಅಪ್ಪ ಸೋಫಾದ ಮೇಲೆ ಕೂತು, ಏನೂ ಕೇಳಿಸದವನ ಹಾಗೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. "ಊಟ ಮಾಡ್ಯಾಳೇನು ಕೇಳು", "ಕತ್ತಲಾದ ಮ್ಯಾಲೆ ಬಸ್ಸಿನಾಗ ಒಬ್ಬಾಕಿನ ಬರಬ್ಯಾಡ ಅಂತ ಹೇಳು" ಎಂದು ನಡುವೆ ಬಾಯಿ ಹಾಕುತ್ತಾನೆ. ಕೊನೆಗೆ ಅರ್ಧ ನಿಮಿಷ ಫೋನ್ ಅವನ ಕೈಗೆ ಬರುತ್ತದೆ.

"ಆರಾಮ?"

"ಆರಾಮ."

"ಊಟ?"

"ಆತು."

"ಹ್ಞಾಂ, ತಡಿ, ಅಮ್ಮಗ ಕೊಡ್ತೀನಿ."

ಈಗ ಕೊಡಲಿಕ್ಕೆ ಅಮ್ಮ ಇಲ್ಲ. ನಾಲ್ಕು ಬೆಡ್‌ರೂಮಿನ ಮನೆ. ಅಡುಗೆಮನೆ ಮತ್ತು ನಾನು ಮಲಗುವ ಕೋಣೆ ಬಿಟ್ಟರೆ ಬೇರೆ ಕಡೆ ದೀಪ ಹಾಕಿ ಎಷ್ಟು ದಿನವಾಯಿತೋ. ಮನೆಯಿಂದಲೇ ಕೆಲಸ ಮಾಡುವ ದಿನ, ಮೀಟಿಂಗ್ ಇಲ್ಲದಿದ್ದರೆ, ಸಂಜೆಯವರೆಗೂ ಬಾಯಿ ತೆರೆಯುವ ಪ್ರಸಂಗವೇ ಬರುವುದಿಲ್ಲ. ಇದಕ್ಕೆ ಒಂಟಿತನ ಎಂದು ಹೆಸರಿಡಲು ನನಗೆ ನಾಚಿಕೆ. ನಮ್ಮ ಕಡೆಯ ಗಂಡಸರು ಹೆಚ್ಚೆಂದರೆ "ಯಾಕೋ ಬ್ಯಾಸರಾಗೇತಿ" ಎಂದು ಟಿವಿ ಹಚ್ಚುತ್ತಾರೆ. ನಾನೂ ಹಚ್ಚಿದೆ.

ಹೀಗಿರುವಾಗ ಒಂದು ಶನಿವಾರ ಬೆಳಗ್ಗೆ ಎಂಟೂವರೆಗೆ ಫೋನ್ ಬಂತು. ಮಗಳು!

"ಏನಾತು? ಆರಾಮ ಇದ್ದೀ ಇಲ್ಲೋ?"

"ಅಪ್ಪ, ರಿಲ್ಯಾಕ್ಸ್. ಟ್ಯೂಸ್‌ಡೇ ನಂದು ಹಿಸ್ಟರಿ ಪ್ರೆಸೆಂಟೇಶನ್ ಅದ. ಟಾಪಿಕ್ ಬಗ್ಗೆ ಏನೂ ಗೊತ್ತಿಲ್ಲದೋರ ಮುಂದ ಪ್ರಾಕ್ಟೀಸ್ ಮಾಡ್ರಿ ಅಂದಾರ ಟ್ಯೂಟರ್. ಅಮ್ಮ ಈಗ ಮಲ್ಕೊಂಡಿರ್ತಾಳ. ನೀ ಕೇಳ್ತೀಯಾ?"

ಹುಬ್ಬಳ್ಳಿಯಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಅದಕ್ಕೇ ನನ್ನ ಪಾಳಿ ಬಂದಿತ್ತು. ಏನೂ ಗೊತ್ತಿಲ್ಲದಿರುವ ಅರ್ಹತೆಯಂತೂ ನನ್ನಲ್ಲಿ ಭರಪೂರ ಇತ್ತು.

ವಿಷಯ, ರೋಮನ್ನರು ಬ್ರಿಟನ್ ಬಿಟ್ಟು ಹೋದ ಮೇಲೆ ಏನಾಯಿತು ಎಂಬುದು. ಸೈನ್ಯ ಹೋಯಿತು, ಅಧಿಕಾರಿಗಳು ಹೋದರು, ಕಲ್ಲಿನ ಊರುಗಳು ಬಿಕೋ ಎನ್ನತೊಡಗಿದವು. ಸಮುದ್ರದಾಚೆಯಿಂದ ಆಂಗ್ಲರು, ಸ್ಯಾಕ್ಸನ್ನರು ದೋಣಿ ಹತ್ತಿ ಬಂದರು. ಬಂದವರು ಒಂದೊಂದು ಮೂಲೆ ಹಿಡಿದು ಬೇರೂರಿದರು, ಕಾಲಕ್ರಮದಲ್ಲಿ ರಾಜ್ಯಗಳಾದವು. ಕೆಂಟ್, ಎಸೆಕ್ಸ್, ಸಸೆಕ್ಸ್, ವೆಸೆಕ್ಸ್, ಈಸ್ಟ್ ಆಂಗ್ಲಿಯಾ, ಮರ್ಸಿಯಾ, ನಾರ್ತಂಬ್ರಿಯಾ. ಮುಖ್ಯವಾದವು ಏಳು. (ನಮ್ಮವರ ವಾಟ್ಸ್ಯಾಪ್ ಗ್ರೂಪುಗಳೂ ಹೀಗೇ. ಸಬರ್ಬಿಗೊಂದು ರಾಜ್ಯ, ರಾಜ್ಯಕ್ಕೊಬ್ಬ ಅಡ್ಮಿನ್.)

"ಹಂಗಾರ ಮೊದಲಿದ್ದ ಮಂದಿ ಎಲ್ಲಿ ಹೋದ್ರು?" ಎಂದೆ.

"ಅದ ನನ್ನ ಮೇನ್ ಪಾಯಿಂಟ್, ಅಪ್ಪ! ಎಲ್ಲಾರ್ನೂ ಕೊಂದ್ರು, ಓಡಿಸಿದ್ರು ಅಂತ ಮೊದ್ಲ ಹೇಳ್ತಿದ್ರು. ಈಗ ಹಂಗಲ್ಲ ಅಂತಾರ. ಭಾಳ ಮಂದಿ ಎಲ್ಲೂ ಹೋಗ್ಲಿಲ್ಲ. ಅಲ್ಲೇ ಇದ್ರು. ಅವರ ಕಿಡ್ಸ್ ಬ್ಯಾರೆ ಥರ ಡ್ರೆಸ್ ಮಾಡಿದ್ರು, ಬ್ಯಾರೆ ಲ್ಯಾಂಗ್ವೇಜ್ ಮಾತಾಡಿದ್ರು. ದಟ್ಸ್ ಆಲ್."

ದಟ್ಸ್ ಆಲ್! ಆ ಅಪ್ಪಂದಿರಿಗೆ ಏನನ್ನಿಸಿತೋ ಎಂದು ಬಾಯಿತನಕ ಬಂದದ್ದನ್ನು ನುಂಗಿಕೊಂಡೆ. ಬದಲಿಗೆ, ಬಂದವರು ಆ ಖಾಲಿ ಕಲ್ಲಿನ ಮನೆಗಳನ್ನು ಬಿಟ್ಟು ಹೊರಗೆ ಮರದ ಮನೆ ಯಾಕೆ ಕಟ್ಟಿಕೊಂಡರು ಎಂದು ಕೇಳಿದೆ. "ಗುಡ್ ಕ್ವೆಶ್ಚನ್, ಅಪ್ಪ" ಎಂದಳು. ಆಫೀಸಿನಲ್ಲಿ ಪ್ರಮೋಷನ್ ಸಿಕ್ಕಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ. ನಲವತ್ತು ನಿಮಿಷ ಮಾತಾಡಿದ್ದೆವು. ಫೋನಿಟ್ಟ ಮೇಲೆ ಆರಿ ತಣ್ಣಗಾದ ಚಹಾವನ್ನೇ ಖುಷಿಯಿಂದ ಕುಡಿದೆ.

ಮರುದಿನ ಲೈಬ್ರರಿಗೆ ಹೋಗಿ ಇಟ್ಟಿಗೆಯಷ್ಟು ದಪ್ಪದ ಪುಸ್ತಕ ತಂದೆ. ಸಿಟಿಗೆ ಹೋಗುವ ಟ್ರೇನಿನಲ್ಲಿ ಓದಿದೆ. ನಿಜ ಹೇಳಲಾ? ನನಗೆ ಆ ರಾಜರಲ್ಲಿ ಕಿಂಚಿತ್ತೂ ಆಸಕ್ತಿಯಿಲ್ಲ. ಅರ್ಧ ಜನರ ಹೆಸರು ಎಥೆಲ್‌ನಿಂದಲೇ ಶುರು. ಒಬ್ಬ ಎಥೆಲ್ ಸತ್ತ ಎಂದು ಪುಟ ತಿರುವಿದರೆ ಇನ್ನೊಬ್ಬ ಎಥೆಲ್ ಹಾಜರ್. ಆದರೆ ನನಗೆ ಬೇಕಾಗಿದ್ದದ್ದು ಡೌಟುಗಳು. ಹೊಟ್ಟೆಪಾಡಿಗೆ ನಾನು ಪ್ರಾಜೆಕ್ಟ್ ಮ್ಯಾನೇಜರ್. ಎಕ್ಸೆಲ್ ಶೀಟ್ ತೆರೆದು ಪ್ಲಾನ್ ಹಾಕಿದೆ. ಪ್ರತಿ ಶನಿವಾರ ನಾನೇ ಫೋನ್ ಮಾಡುವುದು, ಶನಿವಾರಕ್ಕೊಂದೇ ರಾಜ್ಯ. ಆಸೆಗೆ ಬಿದ್ದು ಒಂದೇ ದಿನ ಎಲ್ಲ ಕೇಳಿಬಿಟ್ಟರೆ ಮುಂದಿನ ವಾರ ಏನು ಮಾಡುವುದು?

ಕೆಂಟಿಗೆ ಬಂದವರನ್ನು ಅಲ್ಲಿ ಮೊದಲಿದ್ದ ಬ್ರಿಟನ್ನರೇ ಸಹಾಯಕ್ಕೆ ಕರೆಸಿಕೊಂಡರು ಎನ್ನುವುದು ನಿಜವೇ? ಈಸ್ಟ್ ಆಂಗ್ಲಿಯಾದಲ್ಲಿ ದೊಡ್ಡವರನ್ನು ಹಡಗಿನ ಸಮೇತ ಯಾಕೆ ಹೂಳುತ್ತಿದ್ದರು? ಅವಳು ಉತ್ತರ ಹೇಳುತ್ತಿದ್ದಳು. ಕೆಲವೊಮ್ಮೆ "ನೆಕ್ಸ್ಟ್ ವೀಕ್ ನೋಡಿ ಹೇಳ್ತೀನಿ" ಎನ್ನುತ್ತಿದ್ದಳು. ಆ ಉತ್ತರಗಳ ಸಂದಿಯಲ್ಲಿ ಬೇರೆ ಮಾತು ನುಸುಳುತ್ತಿತ್ತು. ಉಪ್ಪಿಟ್ಟು ಮಾಡಲು ಹೋಗಿ ಗಂಟಾಗಿದ್ದು, ರೂಮ್‌ಮೇಟ್ ಜೊತೆ ಜಗಳವಾಗಿ ಅತ್ತದ್ದು. ನನಗೆ ಬೇಕಾಗಿದ್ದದ್ದೇ ಅದು. ಅದಕ್ಕಾಗಿ ನಾನು ಸಸೆಕ್ಸನ್ನೂ ಸಹಿಸಿಕೊಂಡೆ.

ಮರ್ಸಿಯಾ ಮುಗಿದ ವಾರ, ಸಂಜೆ ವಿಜಯಾ ಫೋನಿನಲ್ಲಿ ರೇಗಿದಳು.

"ಏನ್ರೀ, ಅಕಿ ಜೀವಾ ಯಾಕ ತಿನ್ನಾಕತ್ತೀರಿ? ಆ ಪಾಠ ಮುಗದು ಎಷ್ಟೋ ದಿನ ಆತಂತ. ಈಗ ಅಕಿ ಓದೂದ ಬ್ಯಾರೆ. ನಿಮ್ಮ ಸಲುವಾಗಿ ಶುಕ್ರವಾರಕ್ಕೊಮ್ಮೆ ಲೈಬ್ರರಿಗೆ ಹೋಗಿ ಹಳೇದನ್ನ ಓದಿಕೊಂಡು ಬರ್ತಾಳ."

"ಹಂಗಂತ ನನಗ ಹೇಳಬೇಕಿಲ್ಲ?"

"ನಾನೂ ಅದನ್ನ ಅಂದೆ. ಹೇಳಿದ್ರ ಅಪ್ಪ ಫೋನ್ ಮಾಡೂದ ಬಿಡ್ತಾನ ಅಂದ್ಲು."

ಸಿಂಕಿನ ಮುಂದೆ ನಿಂತಿದ್ದೆ, ಕಣ್ಣು ತುಂಬಿ ಬಂತು. ಬೇಡದ ಪುಸ್ತಕವನ್ನು ಇಲ್ಲಿ ನಾನು ಓದುತ್ತಿದ್ದೇನೆ, ಅಲ್ಲಿ ಅವಳು ಓದುತ್ತಿದ್ದಾಳೆ. ಎಂಥ ಅಪ್ಪ, ಎಂಥ ಮಗಳು!

ಈ ಶನಿವಾರ ನೇರವಾಗಿ ಹೇಳಿಬಿಡುವುದೆಂದು ತೀರ್ಮಾನ ಮಾಡಿದೆ. ರಾಜರೂ ಬೇಡ, ರಾಜ್ಯವೂ ಬೇಡ, ನನಗೆ ನಿನ್ನ ಜೊತೆ ಮಾತಾಡಬೇಕು ಮಗಳೇ, ಅಷ್ಟೇ. ಟ್ರೇನಿನಲ್ಲಿ ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡೆ. ಎಂಟೂವರೆಗೆ ಫೋನ್ ಮಾಡಿದೆ. ನಾನು ಬಾಯಿ ಬಿಡುವುದರೊಳಗೆ ಅವಳೇ ಕೇಳಿದಳು.

"ಅಪ್ಪ, ಅಮ್ಮ ಇಲ್ಲದ ನಿನಗ ಅಲ್ಲಿ ಒಬ್ಬಾವಗ... ಆರ್ ಯೂ ಓಕೆ?"

ನೋಡಿ, ಇಷ್ಟು ದಿನ ಈ ಒಂದು ಪ್ರಶ್ನೆಗಾಗಿಯೇ ನಾನು ಕಾದಿದ್ದೆ. ಬಾಗಿಲು ಪೂರ್ತಿ ತೆರೆದಿತ್ತು, ಒಳಗೆ ಕಾಲಿಟ್ಟರೆ ಸಾಕಿತ್ತು. ನಾನು ಏನು ಹೇಳಿದೆ ಗೊತ್ತಾ?

"ನನಗೇನಾಗೇತಿ, ಆರಾಮ ಇದ್ದೀನಿ. ಅದಿರಲಿ, ನಾರ್ತಂಬ್ರಿಯಾದ್ದು ಒಂದು ಡೌಟ್ ಇತ್ತು."

ಆ ಕಡೆ ಹಾಳೆ ತಿರುವುವ ಸಪ್ಪಳ ಕೇಳಿಸಿತು.

"ಹ್ಞಾಂ, ಕೇಳಪ್ಪ" ಎಂದಳು.

ಇನ್ನು ವೆಸೆಕ್ಸ್ ಒಂದೇ ಉಳಿದಿದೆ. ಅದೂ ಮುಗಿದ ಮೇಲೆ ನಾವಿಬ್ಬರೂ ಏನು ಮಾತಾಡಬೇಕು, ನೀವೇ ಹೇಳಿ?