ಗಾಳಿಯಕ್ಕ ಮೆಲ್ಲಗೆ ಕೇಳುವ ಪ್ರಶ್ನೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಾರಿಗಳು ತಂಗುವ ಮೈದಾನದ ಮೂಲೆಯಲ್ಲಿ ತಗಡಿನ ಅಂಗಡಿಯೊಂದರ ಶಟರ್ ಅರ್ಧ ಮೇಲೆದ್ದಿದೆ. ಒಳಗೆ ಕಂಪ್ರೆಸರ್ ಕೆಮ್ಮಿ ಕೆಮ್ಮಿ ಶುರುವಾಗುತ್ತಿದೆ. ಹೊರಗೆ, ಒಳಗೇ ಉಂಡು ಮಲಗಲು ಜಾಗವಿರುವ, ಮಿನಿ ಬಸ್ಸಿನಷ್ಟು ಉದ್ದದ ಮನೆಗಾಡಿಯೊಂದು ನಿಂತಿದೆ. ಅದರ ಹಿಂದಿನ ಚಕ್ರದ ಪಕ್ಕ ಗೋಣಿಚೀಲ ಹಾಸಿಕೊಂಡು ಒಬ್ಬ ಹೆಂಗಸು ಮಲಗಿದ್ದಾರೆ. ಒತ್ತಿಗೊತ್ತಾಗಿ ಕೂತ ಜೋಡಿ ಚಕ್ರಗಳ ಸಂದಿಗೆ ಭುಜದವರೆಗೆ ಕೈ ತೂರಿಸಿ, ಕಣ್ಣು ಮುಚ್ಚಿಕೊಂಡು, ಒಳಗಿನ ಟೈರಿನ ಮೈ ಸವರುತ್ತಿದ್ದಾರೆ. ಗಬ್ಬದ ಹಸುವಿನ ಹೊಟ್ಟೆ ಸವರಿ ನೋಡುವವರ ಮುಖದಲ್ಲಿ ಇಂಥದೇ ಗಮನ ಇರುತ್ತದೆ.

"ಒಳಗಿನ ಟೈರಿಗೆ ದಿಕ್ಕಿಲ್ಲ," ಎನ್ನುತ್ತಾರೆ, ಕೈ ಹೊರಗೆಳೆದು ಸೀರೆಯ ಮೇಲೆ ತೊಟ್ಟ ಗಂಡಸರ ಅಂಗಿಗೆ ಒರೆಸಿಕೊಳ್ಳುತ್ತ. "ಹೊರಗಿಂದಕ್ಕೆ ಎಲ್ರೂ ಗಾಳಿ ಹೊಡಿಸ್ತಾರೆ, ತೊಳೀತಾರೆ, ಕಾಲಲ್ಲಿ ಒದ್ದು ನೋಡ್ತಾರೆ. ಒಳಗಿಂದು ಯಾರ ಕಣ್ಣಿಗೂ ಬೀಳಲ್ಲ. ಸಿಡಿಯೋದು ಮಾತ್ರ ಅದೇ ಮೊದ್ಲು."

ಇವರೇ ಗಾಳಿಯಕ್ಕ. ಲಾರಿ ಡ್ರೈವರುಗಳು ಇಟ್ಟ ಹೆಸರು. ಮಾಮೂಲಿ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಮೂರು ಜನರ ಕಾಲೆಳೆದು, ನಾಲ್ಕನೆಯವರಿಗಾಗಿ ಕಾಯುತ್ತಿದ್ದರು. ಇವತ್ತು ಮಾತು ಕಡಿಮೆ. ಈ ಮನೆಗಾಡಿಗೆ ಕೆಲವು ತಿಂಗಳ ಹಿಂದೆ ಟೈರ್ ಆರಿಸಿಕೊಟ್ಟವರು ಅವರೇ. ಅದರಲ್ಲೊಂದು ಹೋದ ವಾರ ಹೆದ್ದಾರಿಯಲ್ಲಿ ಸಿಡಿದಿದೆ. ಸ್ಟೆಪ್ನಿ ಹಾಕಿಕೊಂಡು, ಕುಂಟುತ್ತ ಕುಂಟುತ್ತ ಗಾಡಿ ನಿನ್ನೆ ಸಂಜೆ ಇಲ್ಲಿಗೆ ಬಂದು ಸೇರಿದೆ. ಆಗಿನಿಂದ ಅಕ್ಕ ಅನ್ನ ಮುಟ್ಟಿಲ್ಲ ಎಂದು ಅಂಗಡಿಯೊಳಗೆ ಕೂತ ಅವರ ತಮ್ಮ ಹೇಳುತ್ತಾರೆ.

ಟೈರಿನ ಅಂಗಡಿಯಲ್ಲಿ ಬರೆಯುವಂಥದ್ದು ಏನಿದೆ ಎಂದು ಮೂಗು ಮುರಿಯುವವರು ಮುರಿಯಲಿ. ನಾವು ನಿದ್ದೆ ಹೊಡೆಯುತ್ತ ಊರೂರು ದಾಟುವಾಗ ಕೆಳಗೆ ಉರುಳುವ ರಬ್ಬರನ್ನು ಯಾರೋ ಒಬ್ಬರು ಮುಟ್ಟಿ ನೋಡಿ ಸರಿ ಎಂದಿರುತ್ತಾರೆ. ಅವರ ಮುಖ ನಮಗೆ ಗೊತ್ತಿರುವುದಿಲ್ಲ.

ಗಾಳಿಯಕ್ಕ ಈ ಕೆಲಸ ಹುಡುಕಿಕೊಂಡು ಬಂದವರಲ್ಲ, ಅದೇ ಇವರ ಕೊರಳಿಗೆ ಬಿದ್ದದ್ದು. ಅಂಗಡಿ ತಮ್ಮನದು. ಒಂದು ದಿನ ಲಾರಿಯ ಚಕ್ರ ಎತ್ತುವಾಗ ತಮ್ಮನ ಸೊಂಟ ಹಿಡಿದುಕೊಂಡಿತು. ಬುತ್ತಿ ಕೊಡಲು ಬಂದಿದ್ದ ಅಕ್ಕ, ಅವನು ಎದ್ದು ಓಡಾಡುವವರೆಗೆ ಎಂದುಕೊಂಡು ಸ್ಪ್ಯಾನರ್ ಹಿಡಿದರು. ತಮ್ಮ ಎದ್ದರು, ಓಡಾಡಿದರು, ಆದರೆ ಭಾರ ಎತ್ತುವ ಹಾಗಿರಲಿಲ್ಲ. ಇಪ್ಪತ್ತು ವರ್ಷವಾದರೂ ಅಕ್ಕನ ಕೈಯಿಂದ ಸ್ಪ್ಯಾನರ್ ಇಳಿದಿಲ್ಲ. ಈಗ ತಮ್ಮ, ಕುರ್ಚಿಯಲ್ಲಿ ಕೂತು, ಟ್ಯೂಬಿಗೆ ಪಂಕ್ಚರ್ ಹಾಕುತ್ತಾರೆ, ಬಂದವರ ಜೊತೆ ಲೋಕಾಭಿರಾಮ ಮಾತಾಡುತ್ತಾರೆ, ಅಕ್ಕ ಮಾಡಿ ಮುಗಿಸಿದ ಕೆಲಸಕ್ಕೆ ಸಲಹೆ ಕೊಡುತ್ತಾರೆ. "ಸೊಂಟ ಹೋಯ್ತು, ಬಾಯಿ ಉಳೀತು," ಎಂಬುದು ಅಕ್ಕನ ವರದಿ.

ಮೊದಮೊದಲು ಡ್ರೈವರುಗಳು ಚಕ್ರ ಬಿಚ್ಚಲು ಬಿಡುತ್ತಿರಲಿಲ್ಲ, ಹೆಂಗಸು ಬಿಗಿದ ನಟ್ಟು ಉದುರಿಹೋದರೆ ಏನು ಗತಿ ಎನ್ನುತ್ತಿದ್ದರು. ಅವರ ಬಾಯಿ ಮುಚ್ಚಿಸಿದ್ದು ಅಕ್ಕನ ಬಾಯಿ. ಸವೆದು ನುಣ್ಣಗಾದ ಟೈರಿನಲ್ಲಿ ಬಂದವನಿಗೆ, "ಬಾಪ್ಪ, ಇದ್ರಲ್ಲಿ ಮುಖ ನೋಡ್ಕೊಂಡು ಗಡ್ಡ ಬೋಳಿಸ್ಕೋ," ಎನ್ನುತ್ತಿದ್ದರು. ಸುತ್ತ ನಿಂತವರು ಬಿದ್ದು ಬಿದ್ದು ನಗುತ್ತಿದ್ದರು, ಬೈಸಿಕೊಂಡವನೂ ನಗುತ್ತ ಟೈರ್ ಬದಲಾಯಿಸುತ್ತಿದ್ದ. ಈಗ ದಿನಕ್ಕೆ ಮೂವತ್ತರ ಆಸುಪಾಸು ಚಕ್ರಗಳು ಅವರ ಕೈ ದಾಟುತ್ತವೆ. ಬೆರಳ ಸಂದುಗಳ ಕಪ್ಪು ಯಾವ ಸೋಪಿಗೂ ಜಗ್ಗುವುದಿಲ್ಲ. ಹಾಗಾಗಿ ಮನೆಯಲ್ಲಿ ಹಿಟ್ಟು ಕಲಸುವವರು ಶಾಲೆಯ ಗೇಟು ಕಾಯುವ ಕೆಲಸದಲ್ಲಿರುವ ಅವರ ಗಂಡ.

ಈ ಬೆಳಿಗ್ಗೆ ಗಾಳಿಯಕ್ಕನನ್ನು ತಿನ್ನುತ್ತಿರುವುದು, ಡ್ರೈವರುಗಳ ಬಾಯಿ ಮುಚ್ಚಿಸಿದ ಅದೇ ನಾಲಿಗೆ.

ಆ ಟೈರು ಆರಿಸಿಕೊಟ್ಟ ದಿನ ಮೈದಾನ ತುಂಬಿತ್ತು. ಮನೆಗಾಡಿಯಿಂದ ಇಸ್ತ್ರಿ ಮಾಡಿದ ಅಂಗಿಯ ಹಿರಿಯರೊಬ್ಬರು ಇಳಿದು ಬಂದು, ಹಳೇ ಟೈರೆಲ್ಲ ಬಿರುಕು ಬಿಟ್ಟಿವೆ, ಆರನ್ನೂ ಬದಲಾಯಿಸಬೇಕು, ಆದಷ್ಟು ಕಡಿಮೆಯಲ್ಲಿ ಆಗಬೇಕು ಎಂದರು. ಟೈರ್ ಆರಿಸುವ ಮೊದಲು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಗಾಡಿಯೊಳಗೆ ಏನೇನಿದೆ? ಅಳತೆ ಒಂದೇ ಇದ್ದರೂ ಒಂದು ಟೈರ್ ಹೊರುವಷ್ಟು ಭಾರ ಇನ್ನೊಂದು ಹೊರುವುದಿಲ್ಲ. ಗಾಳಿಯಕ್ಕ ಪ್ರಶ್ನೆಯನ್ನೇನೋ ಕೇಳಿದರು, ಆದರೆ ತಮ್ಮದೇ ಧಾಟಿಯಲ್ಲಿ, ಮೈದಾನಕ್ಕೆಲ್ಲ ಕೇಳುವ ಹಾಗೆ.

"ಏನಣ್ಣ, ಒಳಗೆ ಇಡೀ ಸಂಸಾರನೇ ತುಂಬ್ಕೊಂಡು ತಿರುಗ್ತಿದೀರೋ ಹೇಗೆ? ಮನೆ ಬಾಡಿಗೆ ಉಳಿಸೋಕೆ ಒಳ್ಳೇ ಉಪಾಯ."

ಎಲ್ಲರೂ ನಕ್ಕರು. ಹಿರಿಯರೂ ನಕ್ಕರು. "ಅಯ್ಯೋ, ಇಲ್ಲಕ್ಕ. ರಜೆಯಲ್ಲಿ ಸುತ್ತಾಡೋಕೆ ಇಟ್ಕೊಂಡಿರೋ ಗಾಡಿ. ಎರಡು ಹಾಸಿಗೆ, ನಾಲ್ಕು ಬಟ್ಟೆ, ಅಷ್ಟೇ."

ಆ ಮಾತನ್ನು ನಂಬಿ, ಹಗುರ ಗಾಡಿಗೆ ಸಾಕಾಗುವ ಟೈರು ಹಾಕಿದರು. ಅಗ್ಗಕ್ಕೇ ಸಿಕ್ಕಿತು. ಮೆಟ್ಟಿಲು ಹತ್ತಿ ಒಮ್ಮೆ ಒಳಗೆ ಇಣುಕಲಿಲ್ಲ, ತೂಕ ಹಾಕಿಸಲಿಲ್ಲ. "ತೂಕ ಹಾಕಿಸದೆ ಮನೆಗಾಡಿಗೆ ಟೈರ್ ಹೇಳಬಾರ್ದು ಅಂತ ನಾನೇ ನಾಲ್ಕು ಜನಕ್ಕೆ ಬುದ್ಧಿ ಹೇಳಿದೀನಿ," ಎನ್ನುತ್ತಾರೆ ಈಗ. "ಆವತ್ತು ಎಲ್ರೂ ನಗ್ತಿದ್ರಲ್ಲ, ಆ ನಗು ತಲೆಗೇರಿಬಿಡ್ತು."

ನಿನ್ನೆ ಸಂಜೆ ಅವರು ಮೊದಲ ಬಾರಿಗೆ ಒಳಗೆ ಹೋದರು. ಎಡಗಡೆಯ ಕಿಟಕಿಯ ಕೆಳಗೆ ಕಬ್ಬಿಣದ ಕಾಲಿನ ಹೊಲಿಗೆ ಯಂತ್ರ. ಅದರ ಪಕ್ಕದಲ್ಲಿ ಉಕ್ಕಿನ ಬೀರು. ಬೀರುವಿನಿಂದ ಹಿಂದಿನ ಗೋಡೆಯವರೆಗೆ ಸಮವಸ್ತ್ರದ ಬಟ್ಟೆಯ ಥಾನುಗಳು, ನೀಲಿ, ಬೂದು, ಬಿಳಿ, ಸೂರಿನ ಎತ್ತರಕ್ಕೆ. ಪಾತ್ರೆ ತುಂಬಿದ ಟ್ರಂಕು. ಬಾಗಿಲ ಒಳಮಗ್ಗುಲಿಗೆ, ಟಪಾಲು ಎಂದೂ ಬಾರದ ಜಾಗದಲ್ಲಿ, ಹಳೇ ಮನೆಯ ಟಪಾಲು ಪೆಟ್ಟಿಗೆಯನ್ನು ಮೊಳೆ ಹೊಡೆದು ನೇತುಹಾಕಿದ್ದಾರೆ. ಆ ಪೆಟ್ಟಿಗೆ ಕಂಡಮೇಲೆ ಗಾಳಿಯಕ್ಕನಿಗೆ ಬೇರೇನೂ ಕೇಳುವುದು ಉಳಿಯಲಿಲ್ಲ.

ಹಿರಿಯರು ದರ್ಜಿ. ಮನೆಯೂ ಅಂಗಡಿಯೂ ಒಂದೇ ಹಳೇ ಕಟ್ಟಡದಲ್ಲಿದ್ದವು. ಮಾಲೀಕರು ಅದನ್ನು ಕೆಡವಿ ದೊಡ್ಡದು ಕಟ್ಟಲು ಹೊರಟರು. ಬೇರೆ ಕಡೆಯ ಬಾಡಿಗೆ ಕೈಗೆಟುಕಲಿಲ್ಲ. ಕೂಡಿಟ್ಟದ್ದನ್ನೆಲ್ಲ ಸುರಿದು ಈ ಗಾಡಿ ಕೊಂಡು, ಗಂಡ ಹೆಂಡತಿ ಊರಿಂದೂರಿಗೆ ಶಾಲೆಗಳ ಸಮವಸ್ತ್ರ ಹೊಲಿಯುತ್ತ ಹೊರಟರು. ನೆಂಟರಿಷ್ಟರಿಗೆ ಹೇಳಿರುವುದು ಮಾತ್ರ, ಪ್ರವಾಸದಲ್ಲಿದ್ದೇವೆ ಎಂದು.

ಟೈರ್ ಸಿಡಿದಾಗ ಯಾರಿಗೂ ಏನೂ ಆಗಲಿಲ್ಲ ಎಂದು ದರ್ಜಿ ಫೋನಿನಲ್ಲಿ ತಿಳಿಸಿದ್ದರು. ಆದರೆ ನಿನ್ನೆ ಅವರ ಹೆಂಡತಿ ಗಾಡಿಯಿಂದ ಇಳಿದದ್ದು ಕಂಬಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು. ಸಿಡಿದ ರಬ್ಬರಿನ ಹೊಡೆತಕ್ಕೆ ಚಕ್ರದ ಮೇಲಿನ ಹಲಗೆ ಒಡೆದು, ಅಲ್ಲಿ ಕೂತಿದ್ದ ಅವರ ಬಲಗಾಲಿನ ಹರಡಿಗೆ ಬಡಿದಿದೆ. ಕಾಲಿಗೆ ದಪ್ಪ ಪಟ್ಟಿ ಕಟ್ಟಿದೆ. ಹೊಲಿಗೆ ಯಂತ್ರ ತುಳಿಯುವವರ ಕಾಲು ಅದು. ನೋಡಿದ ಗಾಳಿಯಕ್ಕನಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ತಪ್ಪು ನಂದೇ ಅಕ್ಕ," ಎಂದರು ದರ್ಜಿ, ತಲೆ ಎತ್ತದೆ. "ನೀವು ಸರಿಯಾಗೇ ಕೇಳಿದ್ರಿ. ನಾನೇ ಸುಳ್ಳು ಹೇಳ್ದೆ."

"ಎರಡು ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಗಾಳಿಯಕ್ಕ. "ಅವ್ರು ಕ್ಷಮೆ ಕೇಳಿದ್ರು ನೋಡಿ, ಅದು ತಡ್ಕೊಳ್ಳೋಕೆ ಆಗ್ಲಿಲ್ಲ. ಅಷ್ಟು ಜನರ ಮುಂದೆ ನಮಗೆ ಮನೆ ಇಲ್ಲ ಅಂತ ಯಾರು ಹೇಳ್ತಾರೆ? ನಾನಾಗಿದ್ರೂ ಹೇಳ್ತಿರ್ಲಿಲ್ಲ. ಸರಿಯಾಗಿ ಕೇಳಿದೆ ಅಂತಾರೆ. ಕೇಳೋದು ಹಾಗಾ?"

ಈಗ ಆಗಬೇಕಾದದ್ದು ಒಂದೇ, ಇವರ ಕೈಗೆಟುಕುವ ಬೆಲೆಯಲ್ಲಿ ಇವರ ಮನೆಯನ್ನು ಹೊರುವ ಟೈರು ಸಿಗಬೇಕು. ಶಾಲೆಗಳು ತೆರೆಯುವ ಕಾಲ ಹತ್ತಿರ ಬಂದಿದೆ. ಗಾಡಿ ನಿಂತಲ್ಲೇ ನಿಂತರೆ ಹೊಲಿಗೆಯ ಕೆಲಸ ಬೇರೆಯವರ ಪಾಲಾಗುತ್ತದೆ.

ಸೂರ್ಯ ಮೇಲೇರುವ ಮೊದಲೇ ಗಾಡಿ ಪಕ್ಕದ ಜಲ್ಲಿ ಅಂಗಳದ ವೇಬ್ರಿಡ್ಜ್ ಹತ್ತುತ್ತದೆ. ನೀರಿನ ಟ್ಯಾಂಕು ತುಂಬಿದೆ, ಗಂಡ ಹೆಂಡತಿ ಒಳಗೇ ಕೂತಿದ್ದಾರೆ, ಒಂದು ಸೂಜಿಯನ್ನೂ ಕೆಳಗಿಳಿಸಿಲ್ಲ. ಇಲ್ಲಿ ತೂಕ ನೋಡುವಾತ ಅಂಕಿಯನ್ನು ಊರಿಗೆಲ್ಲ ಕೇಳುವಂತೆ ಕೂಗುವುದಕ್ಕೆ ಹೆಸರಾದವನು. ಗಾಳಿಯಕ್ಕ ಮುಂಚೆಯೇ ಅವನ ಬಳಿ ಹೋಗಿ, "ಇವತ್ತೊಂದು ದಿನ ಕೂಗ್ಬೇಡಪ್ಪ, ನಾನೇ ಬಂದು ನೋಡ್ತೀನಿ," ಎಂದು ಹೇಳಿಟ್ಟಿದ್ದಾರೆ. ಮುಂದಿನ ಚಕ್ರಗಳ ಭಾರವನ್ನು ಬೇರೆಯಾಗಿ, ಹಿಂದಿನವುಗಳದನ್ನು ಬೇರೆಯಾಗಿ, ಆಮೇಲೆ ಒಂದೊಂದೇ ಮಗ್ಗುಲನ್ನು ಏರಿಸಿ ಅದನ್ನೂ ಬೇರೆಯಾಗಿ ತೂಗಿಸುತ್ತಾರೆ. ಮುಂದಿನ ಎರಡು ಟೈರಿಗೆ ತೊಂದರೆಯಿಲ್ಲ. ಹಿಂದಿನ ಎಡ ಮಗ್ಗುಲು ಬಲದ್ದಕ್ಕಿಂತ ಬಹಳ ಭಾರ. ಸಿಡಿದದ್ದೂ ಅದೇ ಮಗ್ಗುಲಿನ ಒಳಟೈರು.

ಅಂಗಡಿಗೆ ಮರಳಿದ ಮೇಲೆ ಹುಡುಕಾಟ. ಒಬ್ಬ ವ್ಯಾಪಾರಿ ಅರ್ಧ ಬೆಲೆಗೆ ಕೊಡುತ್ತೇನೆ ಎಂದು ನಾಲ್ಕು ಟೈರು ಕಳಿಸುತ್ತಾನೆ. ರಸ್ತೆ ಹಿಡಿಯುವ ಕಚ್ಚು ಆಳವಾಗಿದೆ, ಮೈ ಮಿರಮಿರ ಮಿಂಚುತ್ತದೆ. ದರ್ಜಿಯ ಮುಖ ಅರಳುತ್ತದೆ. ಗಾಳಿಯಕ್ಕ ಟೈರನ್ನು ಉರುಳಿಸಿ, ಮಗ್ಗುಲಲ್ಲಿ ಅಚ್ಚಾದ ಚಿಕ್ಕ ಅಂಕಿಗಳ ಮೇಲೆ ಬೆರಳಿಡುತ್ತಾರೆ. ತಯಾರಾದ ವಾರ ಮತ್ತು ವರ್ಷ ಅದರಲ್ಲಿರುತ್ತದೆ. "ಇದು ಗೋಡೌನ್‌ನಲ್ಲಿ ಕೂತ್ಕೊಂಡೇ ಮುದಿಯಾಗಿದೆ ಅಣ್ಣ. ಮೇಲೆ ಎಣ್ಣೆ ಹಚ್ಚಿದಾರೆ. ಬೇಡ," ಎಂದು ವಾಪಸ್ಸು ಕಳಿಸುತ್ತಾರೆ. ಮನೆಗಾಡಿಗೆಂದೇ ಮಾರುವ ದೊಡ್ಡ ಹೆಸರಿನ ಟೈರುಗಳ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಕೊನೆಗೆ ಅವರು ಆರಿಸುವುದು ಸರಕು ಸಾಗಿಸುವ ವ್ಯಾನುಗಳಿಗೆ ಹಾಕುವ, ಅಷ್ಟೇನೂ ಹೆಸರಿಲ್ಲದ ಕಂಪನಿಯ, ಹೊಸದಾಗಿ ತಯಾರಾದ ಟೈರು. ಅಳತೆ ಅದೇ, ಹೊರುವ ಶಕ್ತಿ ಮೊದಲಿನದಕ್ಕಿಂತ ಎಷ್ಟೋ ಹೆಚ್ಚು. ಹಿಂದಕ್ಕೆ ನಾಲ್ಕು ಸಾಕು.

"ಹೆಸರಲ್ಲಿ ಉಳಿಸ್ಬಹುದು," ಎನ್ನುತ್ತಾರೆ. "ವಯಸ್ಸಲ್ಲಿ ಉಳಿಸೋಕೆ ಹೋಗ್ಬಾರ್ದು. ಭಾರದಲ್ಲಂತೂ ಬೇಡವೇ ಬೇಡ."

ಟೈರು ಬದಲಾದರೆ ಸಾಲದು, ಭಾರವೂ ಎರಡು ಮಗ್ಗುಲಿಗೆ ಹಂಚಬೇಕು. ಹೊಲಿಗೆ ಯಂತ್ರ ಬಲಗಡೆಗೆ ಹೋಗಲಿ ಎಂದರೆ ದರ್ಜಿಯ ಹೆಂಡತಿ ಒಪ್ಪುವುದಿಲ್ಲ. "ಅಲ್ಲಿ ಬಲದಿಂದ ಬೆಳಕು ಬೀಳುತ್ತಮ್ಮ. ನನ್ನ ಕೈ ನೆರಳೇ ಹೊಲಿಗೆ ಮೇಲೆ ಕೂತ್ರೆ ಎಲ್ಲಿಂದ ನೆಟ್ಟಗೆ ಬರುತ್ತೆ?" ಮೂವರೂ ಗಾಡಿಯೊಳಗೆ ಅತ್ತ ಇತ್ತ ತಿರುಗಿ ನಿಂತು ನೋಡುತ್ತಾರೆ. ಯಂತ್ರವನ್ನು ಹಿಂದುಮುಂದಾಗಿ ತಿರುಗಿಸಿ, ಗಾಡಿಯ ಹಿಂಭಾಗಕ್ಕೆ ಮುಖ ಮಾಡಿ ಕೂತರೆ ಬಲಗಡೆಯ ಕಿಟಕಿಯೇ ಎಡಕ್ಕೆ ಬರುತ್ತದೆ ಎಂದು ಹೊಳೆಯುವುದು ದರ್ಜಿಗೆ. ಯಂತ್ರ ಸರಿಸುವುದು ಗಾಳಿಯಕ್ಕ ಒಬ್ಬರೇ. ದರ್ಜಿ ಕೈ ಹಾಕಲು ಬಂದರೆ ಬಿಡುವುದಿಲ್ಲ.

ಕೂಲಿಯ ಮಾತು ಬಂದಾಗ ಅಕ್ಕ ಬೇಡವೆನ್ನುತ್ತಾರೆ. ದರ್ಜಿಯ ಮುಖ ಮತ್ತೆ ಕೆಳಗಾಗುತ್ತದೆ. ಅದನ್ನು ಕಂಡು ಅಕ್ಕ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಧರ್ಮಕ್ಕೆ ಕೊಟ್ಟರೂ ಅವಮಾನವೇ ಎಂಬುದು ಈಗ ಅವರಿಗೆ ಬೇಗ ತಿಳಿಯುತ್ತಿದೆ. ಅಂಗಡಿಯ ಕಡೆ ತಿರುಗಿ ನೋಡಿ, "ಕೂಲಿ ಬದ್ಲು ನಂಗೊಂದು ಪರದೆ ಹೊಲ್ಕೊಡಿ ಅಣ್ಣ," ಎನ್ನುತ್ತಾರೆ. "ಅಂಗಡಿ ಮೂಲೆಗೆ. ನೆಲ ಮುಟ್ಟೋ ಹಾಗೆ ಇರ್ಲಿ."

ಬೂದು ಬಣ್ಣದ ದಪ್ಪ ಬಟ್ಟೆ. ದರ್ಜಿ ಕತ್ತರಿಸುತ್ತಾರೆ, ಹೆಂಡತಿ ಹೊಲಿಯುತ್ತಾರೆ. ಪಟ್ಟಿ ಕಟ್ಟಿದ ಬಲಗಾಲು ಸ್ಟೂಲಿನ ಮೇಲಿದೆ, ಎಡಗಾಲೊಂದೇ ಯಂತ್ರವನ್ನು ತುಳಿಯುತ್ತಿದೆ. ಗಾಳಿಯಕ್ಕ ಬಾಗಿಲಲ್ಲಿ ನಿಂತು ಪಟ್ಟಿಯ ಕಾಲನ್ನೇ ನೋಡುತ್ತಾರೆ, ಕಣ್ಣು ತುಂಬಿಕೊಳ್ಳುತ್ತದೆ.

"ನನ್ನ ಕಾಲು ನೋಡ್ಬೇಡ, ಬಟ್ಟೆ ನೋಡು," ಎನ್ನುತ್ತಾರೆ ದರ್ಜಿಯ ಹೆಂಡತಿ. "ನೆಟ್ಟಗಿದೆಯಾ ಹೇಳು."

"ನೆಟ್ಟಗಿದೆ ಅಕ್ಕ."

ಇಷ್ಟು ವರ್ಷ ದುಡಿದದ್ದಕ್ಕೆ ಏನು ಆಗಬೇಕು ಎಂದು ಗಾಳಿಯಕ್ಕನನ್ನು ಕೇಳಿದರೆ, ಟೈರ್ ಬಿಚ್ಚುವ ಹೊಸ ಮಷೀನು ಎಂದು ತಮ್ಮನೇ ಕುರ್ಚಿಯಿಂದ ಉತ್ತರ ಕೊಡುತ್ತಾರೆ. ಅಕ್ಕ ಅಲ್ಲವೆಂದು ತಲೆಯಾಡಿಸುತ್ತಾರೆ. "ಇನ್ನು ಮುಂದೆ ಯಾರೂ ಸುಳ್ಳು ಹೇಳ್ಬೇಕಾಗೋ ಹಾಗೆ ನಾನು ಕೇಳ್ಬಾರ್ದು. ಅಷ್ಟಾದ್ರೆ ಸಾಕು."

ಮಧ್ಯಾಹ್ನದ ಹೊತ್ತಿಗೆ ಪರದೆ ಮೂಲೆಯಲ್ಲಿ ನೇತಾಡುತ್ತಿದೆ, ಹಿಂದೆ ಎರಡು ಸ್ಟೂಲು. ಬಟ್ಟೆ ಮಾತನ್ನು ತಡೆಯುವುದಿಲ್ಲ, ಒಳಗೆ ಆಡಿದ್ದು ಹೊರಗೆ ಕೇಳುತ್ತದೆ ಎಂದು ದರ್ಜಿಯ ಹೆಂಡತಿ ಎಚ್ಚರಿಸಿದ್ದಾರೆ. ಮನೆಗಾಡಿ ಹೊರಡುವ ತಯಾರಿಯಲ್ಲಿರುವಾಗಲೇ ಒಂದು ಹಳೇ ವ್ಯಾನು ಬಂದು ನಿಲ್ಲುತ್ತದೆ. ಮೇಲೆ ಸುತ್ತಿ ಕಟ್ಟಿದ ಹಾಸಿಗೆ, ಕಿಟಕಿಯಲ್ಲಿ ಒಣಹಾಕಿದ ಮಗುವಿನ ಬಟ್ಟೆ. ಇಳಿದವನು ಸುತ್ತಲಿನ ಜನರನ್ನು ಒಮ್ಮೆ ನೋಡಿ, ಯಾರೂ ಕೇಳುವ ಮೊದಲೇ ಜೋರಾಗಿ ಹೇಳುತ್ತಾನೆ, "ಟೈರ್ ಬೇಕಿತ್ತಕ್ಕ. ಖಾಲಿ ಗಾಡಿ, ಏನೂ ಭಾರ ಇಲ್ಲ."

ಗಾಳಿಯಕ್ಕ ಕೈ ಒರೆಸಿಕೊಂಡು, "ಬಾಪ್ಪ, ಬಿಸಿಲು, ಒಳಗೆ ಕೂತ್ಕೋ," ಎಂದು ಅವನನ್ನು ಪರದೆಯ ಹಿಂದೆ ಕರೆದೊಯ್ಯುತ್ತಾರೆ. ಕುರ್ಚಿಯಲ್ಲಿದ್ದ ತಮ್ಮ, ಟ್ಯೂಬನ್ನು ತೊಡೆಯ ಮೇಲಿಟ್ಟು, ಸೊಂಟದ ನೋವನ್ನೂ ಲೆಕ್ಕಿಸದೆ ಅತ್ತ ಬಾಗಿ ಕಿವಿ ಕೊಡುತ್ತಾರೆ. ಇನ್ನಷ್ಟು ಬಾಗುತ್ತಾರೆ. ಆಮೇಲೆ ದರ್ಜಿಯ ಕಡೆ ತಿರುಗಿ ದೂರುತ್ತಾರೆ.

"ಏನೂ ಕೇಳಿಸ್ತಾನೇ ಇಲ್ಲ."